ಮೇನ್ ಸ್ವಿಚ್ಚಿನಿಂದ ಬಿಚ್ಚಿದ ರಟ್ಟು

ಹೆಸರು ಚಿಕ್ಕಹನುಮಂತಪ್ಪ, ವಯಸ್ಸು 57, ಕಸುಬು ಬೇಸಾಯ, ವಾಸ ಬಿಳಿಚೋಡು, ಜಗಳೂರು ತಾಲ್ಲೂಕು. ಈ ತಾಲ್ಲೂಕಿಗೆ ಮೊದಲು ಕರೆಂಟು ತಂದವನು ನಾನೇ ಎಂಬುದನ್ನೂ ಬರೆದುಕೊಳ್ಳಬೇಕು. ಠಾಣೆಯಲ್ಲಿ ವಿಚಾರಿಸಿದ್ದಕ್ಕೆ ನಾನು ಬರೆಸುವ ಸಂಗತಿ ಹೀಗಿದೆ.

ದಿನಾಂಕ 11-11-2024ರ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಚೀಲ ರಾಗಿ ತೆಗೆದುಕೊಂಡು ಮಲ್ಲಿಕಾರ್ಜುನಪ್ಪನವರ ಹಿಟ್ಟಿನ ಗಿರಣಿಗೆ ಹೋದೆನು. ಅಲ್ಲಿ ಯಂತ್ರ ನಡೆಸುವವನು ನನ್ನ ಅಕ್ಕ ಪುಷ್ಪಾವತಿಯ ಮಗ ಓಂಕಾರ್. ಯಂತ್ರ ನಿಂತಿತ್ತು, ಅವನು ಕಾಣಲಿಲ್ಲ. ಚಹಾಕ್ಕೆ ಹೋಗಿರಬೇಕು ಎಂದುಕೊಂಡೆನು. ಪಾಳಿ ಉದ್ದವಿತ್ತು.

ಆ ಗಿರಣಿಯಲ್ಲಿ ಚೀಲಕ್ಕೆ ಹೆಸರು ಬರೆದ ರಟ್ಟಿನ ತುಂಡು ಕಟ್ಟಿ ಪಾಳಿಗೆ ಇಡುವುದು ರೂಢಿ. ಓಂಕಾರ್ ಹೆಸರಿನ ಚೀಲವಿದ್ದರೆ ಗಿರಣಿಯವನದೆಂದು ಮೊದಲು ಬೀಸುತ್ತಾರೆ. ಮೇನ್ ಸ್ವಿಚ್ಚಿನ ಹಿಡಿಗೆ ಅಂಥದೇ ಒಂದು ರಟ್ಟು ದಾರದಲ್ಲಿ ತೂಗುತ್ತಿತ್ತು. ಹಿಟ್ಟು ಮೆತ್ತಿ ಮೇಲಿನ ಸಾಲು ಕಾಣುತ್ತಿರಲಿಲ್ಲ, ಕೆಳಗೆ ಓಂಕಾರ್ ಎಂದಿದ್ದುದು ಮಾತ್ರ ಕಂಡಿತು. ಅಕ್ಕನ ಮನೆಯ ಚೀಲದ್ದು ಇಲ್ಲಿ ಉಳಿದಿದೆ ಎಂದು ತಿಳಿದು, ಬಿಚ್ಚಿ ನನ್ನ ಚೀಲಕ್ಕೆ ಕಟ್ಟಿ, ಚೀಲವನ್ನು ಎಲ್ಲಕ್ಕೂ ಮುಂದೆ ಎಳೆದಿಟ್ಟೆನು. ಪಾಳಿಯಲ್ಲಿದ್ದ ಕೊಟ್ರಮ್ಮ, ಅಳಿಯನ ಹೆಸರಲ್ಲಿ ಮಾವ ಉಣ್ಣುತ್ತಾನೆ ಎಂದು ಹಂಗಿಸಿದಳು. ನಾನು ನಕ್ಕೆನು.

ಸ್ವಲ್ಪ ಹೊತ್ತಿಗೆ ಮಲ್ಲಿಕಾರ್ಜುನಪ್ಪನವರು ಬಂದು ಸ್ವಿಚ್ಚನ್ನು ನೋಡಿ, ಹಿಂದುಗಡೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

"ಯಾರೂ ಇಲ್ರೀ, ಹಾಕ್ರಿ. ಮೊದ್ಲು ನಂದೇ ಐತೆ," ಎಂದೆನು.

ಅವರು ಹಾಕಿದರು. ಯಂತ್ರದ ಹಿಂದಿನಿಂದ ಕೂಗು ಬಂತು. ಓಂಕಾರ್ ಅಲ್ಲಿ ಕುಳಿತು ಬೆಲ್ಟ್ ಸರಿಮಾಡುತ್ತಿದ್ದನು. ಹೊರಗೆ ನಿಂತ ಟ್ರ್ಯಾಕ್ಟರಿನ ಇಂಜಿನ್ ಸದ್ದಿಗೆ ನಮ್ಮ ಮಾತು ಅವನಿಗೆ ಕೇಳಿಲ್ಲ. ಬಲಗೈಯ ಎರಡು ಬೆರಳು ಹೋದವು. ಕೊಟ್ರಮ್ಮ ಸೆರಗು ಹರಿದು ಕೊಟ್ಟಳು. ಕೈ ಸುತ್ತಿ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆವು.

ದುರಸ್ತಿಗೆ ಯಂತ್ರ ನಿಲ್ಲಿಸಿದವನು ಸ್ವಿಚ್ಚಿಗೆ ತನ್ನ ಹೆಸರಿನ ಎಚ್ಚರಿಕೆ ರಟ್ಟು ಕಟ್ಟಬೇಕು, ಕಟ್ಟಿದವನೇ ಬಿಚ್ಚಬೇಕು ಎಂಬುದು ಗಿರಣಿಯ ನಿಯಮವಂತೆ. ಓಂಕಾರ್ ರಟ್ಟನ್ನೇ ಕಟ್ಟಿರಲಿಲ್ಲ, ಆದ್ದರಿಂದ ಪರಿಹಾರ ಕೊಡುವುದಿಲ್ಲ ಎಂದು ಮಲ್ಲಿಕಾರ್ಜುನಪ್ಪನವರು ಹೇಳಿರುತ್ತಾರೆ. ಅವರು ಕಂಡಷ್ಟು ಹೇಳಿದ್ದಾರೆ.

ನಿನ್ನೆ ಆಸ್ಪತ್ರೆಯಲ್ಲಿ ಓಂಕಾರ್ ನನ್ನನ್ನು ಹತ್ತಿರ ಕರೆದು, "ಮಾವ, ನಾನು ಕಟ್ಟಿದ್ದೆ. ಯಾರೂ ನಂಬ್ತಿಲ್ಲ. ನೀನಾದ್ರೂ ನಂಬು," ಎಂದನು. ಬಿಚ್ಚಿದ್ದು ಯಾರೆಂದು ಅವನಿಗೆ ಗೊತ್ತಿಲ್ಲ. ಎಳನೀರನ್ನು ಅವನ ಎಡಗೈಗೆ ಕೊಟ್ಟು ಎದ್ದು ಬಂದೆನು.

ಮನೆಗೆ ಬಂದು, ನನ್ನ ಚೀಲಕ್ಕೆ ಕಟ್ಟಿದ್ದ ಆ ರಟ್ಟಿನ ಹಿಟ್ಟು ಒರೆಸಿ ಓದಿದೆನು. ದುರಸ್ತಿ ನಡೆದಿದೆ, ಸ್ವಿಚ್ ಹಾಕಬೇಡಿ ಎಂದಿತ್ತು. ಅದನ್ನು ಇಂದು ಠಾಣೆಗೆ ಒಪ್ಪಿಸಿದ್ದೇನೆ. ಕಟ್ಟಿದವನು ಓಂಕಾರ್, ಬಿಚ್ಚಿದವನು ನಾನು.

ಬರೆದುದನ್ನು ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಸತ್ಯವಿದೆ. ಇನ್ನೊಂದು ಮಾತು. ಈ ಗಲಾಟೆಯಲ್ಲಿ ನನಗೂ ಇಪ್ಪತ್ತು ಸಾವಿರ ಲುಕ್ಸಾನಾಯಿತು ಎಂದು ಊರಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು. ಚೀಲ ಉರುಳಿ ಚೆಲ್ಲಿದ ರಾಗಿ ಎಂಬತ್ತು ರೂಪಾಯಿಯದು.

ಸ್ಥಳ: ಜಗಳೂರು
ದಿನಾಂಕ: 14-11-2024
ಸಹಿ: ಚಿಕ್ಕಹನುಮಂತಪ್ಪ