ಕೆಡದ ಬಸ್ಸಿನ ರಿಪೇರಿ

ನರ್ಸಮ್ಮನಿಗೆ ಕದ್ದು ಕೇಳುವ ಚಟವಿರಲಿಲ್ಲ. ಆದರೆ ಎರಡೂ ಕೈಯಲ್ಲಿ ಚಹಾದ ಲೋಟವಿದ್ದಾಗ ಕಿವಿ ಮುಚ್ಚಿಕೊಳ್ಳುವುದು ಹೇಗೆ? ರಸ್ತೆಬದಿಯ ಚಹಾದಂಗಡಿಯಲ್ಲಿ ಅವಳ ಪಕ್ಕದಲ್ಲೇ ಬಸ್ಸಿನ ಡ್ರೈವರ್, ಹುಡುಗರನ್ನು ಪ್ರವಾಸಕ್ಕೆ ಹೊರಡಿಸಿದ ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡಿದ್ದ.

“ಸಮುದ್ರಕ್ಕೆ ಹೋಗೋ ದಾರೀಲಿರೋ ಸೇತುವೆ ಮುಚ್ಚಿ ವಾರ ಆಯ್ತಂತೆ. ಹೊರಡೋ ಮುಂಚೆ ಒಂದು ಫೋನ್ ಮಾಡೋಕೇನಾಗಿತ್ತು ಮೇಷ್ಟ್ರೇ?”

“ಮರೆತೆ ಕಣಯ್ಯಾ. ಎಷ್ಟು ಸಲ ಕೇಳ್ತೀಯ?”

“ಒಂಬತ್ತು ಗಂಟೆ ಹೊತ್ತು ಓಡಿಸಿದೀನಿ. ವಾಪಸ್ಸೂ ನಾನೇ ಓಡಿಸ್ಬೇಕು.”

“ಸಮುದ್ರ ನೋಡ್ತೀವಿ ಅಂತ ಹುಡುಗ್ರು ವರ್ಷದಿಂದ ಕುಣೀತಿದಾರೆ. ಯಾವ ಮುಖ ಇಟ್ಕೊಂಡು ಹೇಳ್ಲಿ? ಬಸ್ ಕೆಟ್ಟಿದೆ ಅಂದ್ಬಿಡೋಣ.”

“ನನ್ನ ಬಸ್ಸಾ? ಹತ್ತೊಂಬತ್ತು ವರ್ಷದಲ್ಲಿ ಒಂದಿನ ಕೈಕೊಟ್ಟಿಲ್ಲ ಅದು!”

ಮೇಷ್ಟ್ರು ತಲೆ ತಗ್ಗಿಸಿದರು. ಡ್ರೈವರ್ ಲೋಟ ಕುಕ್ಕಿದ.

“ಬನ್ನಿ, ಬಾನೆಟ್ ಎತ್ತಿ ಇಡ್ತೀನಿ. ಊರು ಮುಟ್ಟಿಸೋದೇ ಕಷ್ಟ ಅಂತೀನಿ. ನೀವು ಮಾತ್ರ ಬಾಯಿ ಬಿಡ್ಬೇಡಿ. ಸುಳ್ಳು ಹೇಳೋಕೂ ಬರಲ್ಲ ನಿಮಗೆ.”