ಖಿಮುಲಿ ಆಮಾ ಹತ್ತಿದ ದೋಣಿ

ಆಷಾಢದ ಮಳೆ ಹಿಡಿಯಿತೆಂದರೆ ನೈನಿತಾಲಿನಲ್ಲಿ ದೋಣಿಗಳು ದಡ ಸೇರುತ್ತವೆ, ದೋಣಿಯವರೂ ಪ್ರವಾಸಿಗಳೂ ನನ್ನ ಚಹಾದಂಗಡಿ ಸೇರುತ್ತಾರೆ. ಆ ಸಂಜೆಯೂ ಹಾಗೇ ಆಯಿತು. ಕೆಳಗಿನ ಬಯಲಿನಿಂದ ಬಂದಿದ್ದ ಹೊಸ ಜೋಡಿಯೊಂದು ಒಲೆಯ ಪಕ್ಕ ಕುಳಿತು ಸಿಹಿ ಜಗಳ ಆಡುತ್ತಿತ್ತು. ದೋಣಿಯಲ್ಲಿ ನನ್ನ ಜಡೆ ಎಳೆದದ್ದೇ ಎಳೆದದ್ದು ಎಂದು ಹುಡುಗಿಯ ದೂರು. ಮುಟ್ಟಲೇ ಇಲ್ಲ ಎಂದು ಗಂಡನ ಆಣೆ. ಅವರನ್ನು ಕೂರಿಸಿಕೊಂಡು ಹೋಗಿದ್ದ ಮುದುಕ ಡುಂಗರ್ ಸಿಂಗ್ ಮೂಲೆಯಲ್ಲಿ ಬೀಡಿ ಸೇದುತ್ತ ಇಬ್ಬರನ್ನೂ ನೋಡುತ್ತಿದ್ದರು. ಊರಿಗೆಲ್ಲ ಅವರು ಬೂಬು, ಅಂದರೆ ತಾತ. ಬೀಡಿ ಮುಗಿಸಿ ಬೂಬು ಬಾಯಿ ತೆರೆದರು.

"ಈ ಮಳೆ ಈಗಲೇ ಬಿಡೋದಲ್ಲ. ಹತ್ತಿರ ಬನ್ನಿ, ಒಂದು ದೆವ್ವದ ವಿಷಯ ಹೇಳ್ತೀನಿ. ಹೆದರ್ಕೋಬೇಡ ಮಗಳೇ, ಹೆದರಿಸೋ ದೆವ್ವ ಅಲ್ಲ ಅದು... ಬೈಯೋ ದೆವ್ವ.

ಖಿಮುಲಿ ಆಮಾ ಅಂತ ನಮ್ಮ ಹಳ್ಳಿ ಅಜ್ಜಿ, ನಮ್ಮ ಪಕ್ಕದ ಮನೆಯೋಳು. ಬೇಸಿಗೆ ಬಂತು ಅಂದ್ರೆ ಕಾಡಿಂದ ಕೆಂಪು ಕಾಫಲ್ ಹಣ್ಣು ಕಿತ್ತು, ಬುಟ್ಟಿ ಹೊತ್ತು ಬೆಟ್ಟ ಇಳಿದು, ಇದೇ ದಡದಲ್ಲಿ ಕೂತು ಮಾರೋಳು. ಎಳೇ ಹುಡುಗೀರು ಕಂಡ್ರೆ ಕೈ ಸುಮ್ಮನಿರ್ತಿರಲಿಲ್ಲ, ಹಿಂದಿಂದ ಜಡೆ ಎಳೆದು, ತಿರುಗಿದ ಕೂಡಲೆ ಬಾಯಿಗೊಂದು ಹಣ್ಣು ತುರುಕಿ ನಗೋಳು. ವಯಸ್ಸೆಲ್ಲ ಈ ನೀರು ನೋಡ್ತಾ ಕೂತೋಳು ಒಂದು ದಿನಾನೂ ದೋಣಿ ಹತ್ತಲಿಲ್ಲ... ಯಾಕೆ ಹತ್ತುತ್ತಾಳೆ ಹೇಳಿ? ನಮ್ಮಲ್ಲಿ ಯಾರು ಹತ್ತುತ್ತಾರೆ? ದೋಣಿ ಇರೋದು ಊರು ನೋಡೋಕೆ ಬಂದೋರಿಗೆ.

ಆಮಾ ತೀರ್ಕೊಂಡ್ಲು. ಮುಂದಿನ ವರ್ಷ ಅವಳ ಮೊಮ್ಮಗ ಕುಂದನನಿಗೆ ಮದುವೆ ಆಯ್ತು. ಹುಡುಗಿ ಹೆಸರು ಹಂಸಾ, ಬಂಗಾರದಂಥೋಳು. ಬಂದ ಸ್ವಲ್ಪ ದಿನಕ್ಕೇ ಊಟ ಬಿಟ್ಲು. ತುತ್ತು ಬಾಯಿಗಿಟ್ರೆ ಗಂಟಲಲ್ಲಿ ಇಳೀದು. ಡಾಕ್ಟರು ನೋಡಿ ಏನೂ ಇಲ್ಲ ಅಂದ್ರು, ಇವಳು ನೋಡಿದ್ರೆ ಒಣಗಿ ಕಡ್ಡಿ ಆದ್ಲು. 'ಸೋಮವಾರ ಬಂದು ಮಗಳನ್ನ ಕರ್ಕೊಂಡು ಹೋಗ್ತೀನಿ, ಮತ್ತೆ ಕಳಿಸೋ ಮಾತೇ ಇಲ್ಲ' ಅಂತ ಅವಳಪ್ಪ ಹೇಳಿ ಕಳಿಸಿದ. ಕುಂದನ ನನ್ನ ಮುಂದೆ ಕೂತು ಮಗು ಥರ ಅತ್ತ.

ಇನ್ನೇನು ಮಾಡೋದು? ಜಾಗರ ಇಟ್ವಿ. ನಮ್ಮಲ್ಲಿ ದೆವ್ವನ ಓಡಿಸೋದಿಲ್ಲ, ಹುಡುಕಾ ಅನ್ನೋ ಕೈಡೋಲು ಬಾರಿಸಿ, ಹಾಡಿ, ಮೈಮೇಲೆ ಕರೆದು, ಏನು ಬೇಕು ಅಂತ ಮರ್ಯಾದೆಯಿಂದ ಕೇಳ್ತೀವಿ. ಹುಡುಕಾ ಸದ್ದು ಕೇಳಿದ್ದೇ ತಡ, ಹಂಸಾ ಎದ್ದು ಕುಣಿಯೋಕೆ ಹತ್ತಿದ್ಲು... ಬಾಯಿ ತೆರೆದ್ರೆ ಖಿಮುಲಿ ಆಮಾ ದನಿ. ಹಾಡೋನು ಕೇಳಿದ, 'ಆಮಾ, ಮೇಕೆ ಕೊಡೋಣವಾ?' 'ತಿನ್ನೋಕೆ ಹಲ್ಲೆಲ್ಲಿದೆಯೋ ನಂಗೆ?' 'ನಿನ್ನ ಹೆಸರಲ್ಲಿ ಬದರೀನಾಥಕ್ಕೆ ಹೋಗಿ ಬರ್ತೀವಿ.' 'ನೀವು ಹೋಗಿ. ಆ ಚಳೀಲಿ ನಾನ್ಯಾಕೆ ಸಾಯ್ಲಿ?' ಸತ್ತೋಳು ಆಡೋ ಮಾತಾ ಇದು? ಹೊಸ ಘಾಗರಾ ಅಂದ್ರೂ ಬೇಡ. ಕೊನೆಗೆ ನನ್ನ ಕಡೆ ಬೆರಳು ಮಾಡಿದ್ಲು. 'ಆ ಡುಂಗರ ಕಂಡಕಂಡೋರನ್ನೆಲ್ಲ ನೀರಿನ ಮೇಲೆ ತಿರುಗಿಸ್ತಾನೆ. ನಾನೂ ಟೂರಿಗೆ ಬಂದೋಳ ಥರ ನೈನಿತಾಲ್ ನೋಡ್ಬೇಕು.'

ಮಾರನೇ ದಿನ ಮೆರವಣಿಗೆ ಹೊರಟ್ವಿ ನೋಡಿ... ಹಂಸಾ ತಲೆಗೆ ಹ್ಯಾಟು, ಕಣ್ಣಿಗೆ ಕೂಲಿಂಗ್ ಗ್ಲಾಸು, ಕುದುರೆ ಸವಾರಿ, ದೇವಿ ಗುಡಿ ಮುಂದೆ ಫೋಟೋ, ಹಿಂದೆ ಹುಡುಕಾ ಬಾರಿಸ್ತಾ ಇಡೀ ಹಳ್ಳಿ, ಯಾವುದೋ ಹಬ್ಬ ಇರಬೇಕು ಅಂತ ಪ್ರವಾಸಿಗಳೂ ಸೇರ್ಕೊಂಡು ಕುಣಿದಿದ್ದೇ ಕುಣಿದಿದ್ದು. ಆಮೇಲೆ ನನ್ನ ದೋಣಿ. 'ನೆಟ್ಟಗೆ ಹುಟ್ಟು ಹಾಕೋ, ಎಮ್ಮೆ ತೊಳೀತಿದ್ದೀಯಾ?' ಅಂತ ಆಮಾ ದನೀಲಿ ಬೈಗುಳ ಬೇರೆ. ನಡುನೀರಿಗೆ ಬಂದಾಗ ಬೈಯೋದು ಮರೆತ್ಲು. ನೀರಲ್ಲಿ ಕೈ ಇಳಿಬಿಟ್ಟು ತನ್ನಷ್ಟಕ್ಕೇ ನಗ್ತಾ ಕೂತಿದ್ಲು... ಅಂಥ ನಗು ನಾನು ಯಾವ ಪ್ರವಾಸಿ ಮುಖದಲ್ಲೂ ಕಂಡಿಲ್ಲ. ಖುಷಿಗೆ ನನ್ನ ಕಣ್ಣೂ ತುಂಬ್ಕೊಂಡ್ವು.

ದಡ ಮುಟ್ಟಿದ್ದೇ ಹಂಸಾ ತಡಬಡಿಸಿ ಎದ್ದು, 'ಕಾಕಾ, ನಾನ್ಯಾಕೆ ದೋಣೀಲಿದ್ದೀನಿ? ಹೊಟ್ಟೆ ಹಸೀತಿದೆ' ಅಂದ್ಲು. ಅವಳದೇ ದನಿ. ಸುಟ್ಟ ಜೋಳದ ತೆನೆ ಕುಂದನ ಓಡಿ ಓಡಿ ತಂದ, ಅವಳು ಒಂದರ ಮೇಲೊಂದು ತಿಂದ್ಲು. ಸೋಮವಾರ ಬಂದ ಅವಳಪ್ಪ ಮಗಳ ಕೈಯಡುಗೆ ಉಂಡು ಒಬ್ಬನೇ ಬೆಟ್ಟ ಇಳಿದು ಹೋದ. ಈಗ ಅವಳ ಮಗಳಿಗೇ ಮದುವೆ ಗೊತ್ತಾಗಿದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಬೂಬುವಿನ ಲೋಟಕ್ಕೆ ಮತ್ತೆ ಚಹಾ ಸುರಿದೆ. ಹೊರಗೆ ಮಳೆ ತೆಳುವಾಗಿತ್ತು.

"ಅಂತೂ ಅಜ್ಜಿಗೆ ಮುಕ್ತಿ ಸಿಕ್ತು" ಎಂದ ಹುಡುಗಿಯ ಗಂಡ.

ಬೂಬು ಚಹಾ ಊದಿ ಕುಡಿದರು. "ಹಂಸಾ ದೋಣಿ ಇಳಿದ್ಲು. ಆಮಾ ಇಳಿದ್ಲು ಅಂತ ನಾನೆಲ್ಲಿ ಹೇಳಿದೆ? ಎಲ್ರೂ ಇಳಿದು ಹೋದ ಮೇಲೂ ದೋಣಿ ಒಂದು ಕಡೆ ವಾಲ್ಕೊಂಡೇ ಇತ್ತು... ಈಗಲೂ ವಾಲ್ಕೊಂಡೇ ಇದೆ. ಮಗಳೇ, ಗಂಡನ್ನ ಬೈಬೇಡ. ನೀನು ನೀರು ನೋಡ್ತಿದ್ದೆ, ಅವನು ಎರಡೂ ಕೈಯಲ್ಲಿ ಫೋನ್ ಹಿಡಿದು ಬೆಟ್ಟದ ಫೋಟೋ ತೆಗೀತಿದ್ದ. ಹುಟ್ಟು ಹಾಕ್ತಾ ನಾನು ನಿಮ್ಮೆದುರಿಗೇ ಕೂತಿದ್ನಲ್ಲ..."

ಹುಡುಗಿಯ ಕೈ ತಾನಾಗಿ ಜಡೆಗೆ ಹೋಯಿತು.

"ಮುಂದಿನ ಸಲ ಜಡೆ ಎಳೆದ್ರೆ ಹಿಂದಕ್ಕೆ ತಿರುಗು ಮಗಳೇ. ಬಾಯಿ ಮಾತ್ರ ತೆರೆದಿರಲಿ."