ಚಿನ್ನಿಗೆ ಕೊಟ್ಟ ಅಂಗಿ

ಮೃಗಾಲಯದ ಎದುರಿನ ಬಸ್ ನಿಲ್ದಾಣದಲ್ಲಿ ಚಿಂಪಾಂಜಿ ಚಿನ್ನಿಯನ್ನು ನೋಡಿಕೊಳ್ಳುವವನೂ ಅವನ ಹೆಂಡತಿಯೂ ಮಗಳ ಊರಿಗೆ ಹೊರಟು ನಿಂತಿದ್ದರು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮೃಗಾಲಯದ ಟಿಕೆಟ್ ಕೌಂಟರಿನಾಕೆ ಕಿವಿ ಮುಚ್ಚಿಕೊಳ್ಳಲಿಲ್ಲ.

“ನಾನು ಕೊಡಿಸಿದ ನೀಲಿ ಅಂಗಿ ಎಲ್ರೀ?”

“ಚಿನ್ನಿ ಮಲಗೋ ಕಡೆ ಇಟ್ಟು ಬಂದೆ. ನನ್ನ ವಾಸನೆ ಇಲ್ದಿದ್ರೆ ಅವಳು ನಾಲ್ಕು ದಿನಾನೂ ತುತ್ತು ಮುಟ್ಟಲ್ಲ ಕಣೆ.”

“ಹಳೇ ಅಂಗಿ ಆಗ್ತಿರಲಿಲ್ವಾ ಆ ಸವತಿಗೆ?”

“ಇಲ್ಲಿ ಬರೀ ಕಬ್ಬಿಣದ ಪಂಜರಗಳಿದ್ದಾಗ ಮರಿಯಾಗಿ ಬಂದೋಳು. ನಿನಗಿಂತ ಮುಂಚೆ ನನ್ನ ಕೈಸೇರಿದೋಳು.”

“ಅದೇ ನನ್ನ ಹೊಟ್ಟೆಯುರಿ! ನಾನು ಅಮ್ಮನ ಮನೇಲಿ ಮೂರು ತಿಂಗಳಿದ್ದಾಗ ಒಂದು ಕರ್ಚೀಫಾದ್ರೂ ಕೊಟ್ಟು ಕಳಿಸಿದ್ರಾ?”

“ನೀನೇನು ಊಟ ಬಿಟ್ಟಿದ್ಯಾ?”

“ಬಿಟ್ಟಿದ್ನೋ ಇಲ್ವೋ, ನೋಡೋಕೆ ಬಂದಿದ್ರಾ?”

ಬಸ್ ಬಂತು. ಅವಳು ತಿರುಗಿ ನೋಡದೆ ಹತ್ತಿದಳು. ಅವನು ಅವಳ ಚೀಲವನ್ನೂ ಹೆಗಲಿಗೇರಿಸಿ ಹಿಂದೆಯೇ ಹತ್ತಿದ.